ಮೂರು ಸೊನ್ನೆ ನೋಡಿ ಬ್ರಷ್ ಕೊಳ್ಳಬೇಡಿ

ಮನೆಯಲ್ಲಿ ಪಣತಿ, ಮಣ್ಣೆತ್ತು, ಹೂಕುಂಡಕ್ಕೆ ಬಣ್ಣ ಹಚ್ಚುವವರು ನನ್ನ ಹಾಗೆ ದುಡ್ಡು ಕಳೆದುಕೊಳ್ಳಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೋದ ಕಾರ್ತಿಕದಲ್ಲಿ ವೈನಿಯ ತವರಲ್ಲಿ ವಾಸ್ತುಶಾಂತಿ ಇತ್ತು. ಬಂದವರಿಗೆ ಕೊಡಲು 60 ಪಣತಿ ಬೇಕು, ಎಲ್ಲದರ ಮೇಲೂ ಕಸೂತಿ ಚಿತ್ತಾರ ಇರಲಿ ಅಂದರು. ಧಾರವಾಡದವಳು, ಅಜ್ಜಿಯ ಇಳಕಲ್ ಸೀರೆ ನೋಡುತ್ತಲೇ ಬೆಳೆದವಳು, ಹ್ಞೂಂ ಅಂದುಬಿಟ್ಟೆ. ತೇರು, ಗೋಪುರ, ತುಳಸಿ ಕಟ್ಟೆ ಎಲ್ಲ ಬರುತ್ತವೆ. ಆದರೆ ಮುರ್ಗಿ ಹೊಲಿಗೆಯ ಮೆಟ್ಟಿಲು ಮೆಟ್ಟಿಲು ಗೆರೆ ಇದೆಯಲ್ಲ, ಅದು ದಾರದಷ್ಟೇ ಸಣ್ಣಗಿದ್ದರೆ ಚೆಂದ. ಸ್ವಲ್ಪ ದಪ್ಪ ಆದರೂ ಕಸೂತಿ ಹೋಗಿ ರಂಗೋಲಿ ಆಗುತ್ತದೆ.

ಆನ್‌ಲೈನಿನಲ್ಲಿ 249 ರೂಪಾಯಿಗೆ 12 ಬ್ರಷ್‌ಗಳ ಸೆಟ್ ಸಿಕ್ಕಿತು. ಹಿಡಿಕೆಯ ಮೇಲೆ 000 ಅಂತ ಬರೆದಿತ್ತು. ಸೊನ್ನೆ ಜಾಸ್ತಿ ಆದಷ್ಟೂ ಬ್ರಷ್ ಸಣ್ಣ, ಅದು ನಿಜ. ಆದರೆ ಒಂದು ಕಂಪನಿಯ 000 ಇನ್ನೊಂದು ಕಂಪನಿಯ 000 ಅಲ್ಲ. ಅದು ನನಗೆ ಆಮೇಲೆ ತಿಳಿಯಿತು.

ಎರಡು ಪಣತಿ ಚೆನ್ನಾಗಿಯೇ ಬಂದವು. ಮೂರನೆಯದಕ್ಕೆ ಬ್ರಷ್ಷಿನ ಕೂದಲು ಸೀಳಿ ಎರಡಾಯಿತು. ಒಂದು ಗೆರೆ ಎಳೆದರೆ ಎರಡು ಬೀಳುತ್ತಿದ್ದವು. ಅವ್ವ ಎತ್ತಿ ನೋಡಿ, "ಏನವಾ ಇದು, ತೇರೋ ಚಕ್ಕಡಿಯೋ?" ಅಂದಳು. ಕೂದಲನ್ನು ಬೆಳಕಿಗೆ ಹಿಡಿದು ನೋಡಿದೆ. ತುದಿಗೆ ಮೊನೆಯೇ ಇಲ್ಲ, ಕತ್ತರಿಯಿಂದ ಸಮ ಕತ್ತರಿಸಿದ ಹಾಗಿದೆ! ಅರ್ಧ ತಪ್ಪು ನನ್ನದೂ ಹೌದು. ಬ್ರಷ್ಷನ್ನು ಕೂದಲು ಹಿಡಿದಿಡುವ ತಗಡಿನವರೆಗೂ ಬಣ್ಣದಲ್ಲಿ ಅದ್ದುತ್ತಿದ್ದೆ. ಅಕ್ರಿಲಿಕ್ ಬಣ್ಣ ಒಮ್ಮೆ ಒಣಗಿತೆಂದರೆ ಪ್ಲಾಸ್ಟಿಕ್ ಇದ್ದಂತೆ, ನೀರಿಗೆ ಬಿಡುವುದಿಲ್ಲ. ತಗಡಿನೊಳಗೆ ಕೂತು ಕೂದಲನ್ನು ಅಗಲಿಸಿಬಿಡುತ್ತದೆ. ವಾಪಸ್ ಕೇಳಿದರೆ, ಬಳಸಿದ ಮಾಲು ತಗೊಳ್ಳಲ್ಲ ಅಂತ ಉತ್ತರ ಬಂತು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಬಣ್ಣ ತುಂಬಿ ಒತ್ತಿ ಗೆರೆ ಎಳೆಯುವ ಸೂಜಿ ಮೂತಿಯ ಬಾಟಲಿ ತರಿಸಿದೆ. ಅದರಲ್ಲಿ ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ. ಆಸೆಗೆ ಬಿದ್ದು 26 ನಂಬರಿನದ್ದು ತಗೊಂಡೆ. ಅದರ ತೂತು ಸುಮಾರು ಕಾಲು ಮಿಲಿಮೀಟರ್. ನನ್ನದು ಬಂಗಾರದ ಬಣ್ಣ, ಒಳಗೆಲ್ಲ ಹೊಳೆಯುವ ಚೂರು. ಎರಡು ಗೆರೆಗೆ ಕಟ್ಟಿಕೊಂಡಿತು. ಜೋರಾಗಿ ಒತ್ತಿದೆ. ಸೂಜಿ ಹಾರಿತು, ನಾಲ್ಕು ಪಣತಿ, ನನ್ನ ನೈಟಿ, ಗೋಡೆಯ ಕ್ಯಾಲೆಂಡರ್ ಎಲ್ಲ ಬಂಗಾರ!

ಕೊನೆಗೆ ಹುಬ್ಬಳ್ಳಿಗೆ ಹೋಗಿ ದುರ್ಗದಬೈಲಿನ ಹತ್ತಿರ ಒಂದು ಸ್ಟೇಷನರಿ ಅಂಗಡಿ ಹೊಕ್ಕೆ. ಅಲ್ಲಿದ್ದ ಹಿರಿಯರು ಒಂದು ಬ್ರಷ್ಷನ್ನು ನೀರಿನ ಲೋಟದಲ್ಲಿ ಅದ್ದಿ, ಮಣಿಕಟ್ಟು ಒಮ್ಮೆ ಝಾಡಿಸಿ, ನನ್ನ ಕಣ್ಣ ಮುಂದೆ ಹಿಡಿದರು. ಕೂದಲೆಲ್ಲ ಒಟ್ಟಾಗಿ ಸೂಜಿಯಂತೆ ಒಂದೇ ಮೊನೆ. "ನಂಬರ್ ಬಿಡ್ರೀ ಅಕ್ಕಾರ, ಮೊನಿ ನೋಡ್ರಿ" ಅಂದರು. ಅದು 1 ನಂಬರಿನ ಲೈನರ್, ಅಂದರೆ ಗೆರೆ ಎಳೆಯುವ ಬ್ರಷ್, ನೈಲಾನಿನ ಉದ್ದ ಕೂದಲು, 70 ರೂಪಾಯಿ. ಗಿಡ್ಡ ಕೂದಲಿನದ್ದು ಒಂದು ಹನಿ ಬಣ್ಣವನ್ನೂ ಸರಿಯಾಗಿ ಹಿಡಿಯುವುದಿಲ್ಲ, ಫ್ಯಾನಿನ ಗಾಳಿಗೆ ದಾರಿಯಲ್ಲೇ ಒಣಗುತ್ತದೆ. ಉದ್ದ ಕೂದಲಿನದ್ದು ಇಡೀ ಗೆರೆಗೆ ಸಾಕಾಗುವಷ್ಟು ಹೊರುತ್ತದೆ.

"ಬರೇ ಮಣ್ಣಿನ ಮ್ಯಾಲ ಹಚ್ಚೀರೇನ್ರಿ?" ಅಂತಲೂ ಕೇಳಿದರು. ಹೌದು ಅಂದೆ, ನಕ್ಕರು. ಸುಟ್ಟ ಮಣ್ಣು ಬಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ, ಗೆರೆ ಅರ್ಧಕ್ಕೇ ಜಗ್ಗಿ ನಿಲ್ಲುತ್ತದೆ. ಮೊದಲು ಒಂದು ಕೈ ಅಡಿಬಣ್ಣ ಕೊಟ್ಟು, ಒಣಗಿಸಿ, ಆಮೇಲೆ ಗೆರೆಯ ಬಣ್ಣವನ್ನು ಮಜ್ಜಿಗೆಯಷ್ಟು ತೆಳು ಮಾಡಿ ಎಳೆಯಬೇಕಂತೆ. ಹಾಗೆ ಮಾಡಿದೆ. ಮೊದಲ ತೇರು ತೇರಿನ ಹಾಗೆಯೇ ನಿಂತಿತು. ನಾನು ವಾರವಿಡೀ ಬ್ರಷ್ಷನ್ನೊಂದೇ ಬೈಯುತ್ತಿದ್ದೆ ನೋಡಿ.

ಕೆಟ್ಟ ಪಣತಿಗಳಲ್ಲಿ ಒಂದನ್ನು ಅವ್ವ ತುಳಸಿ ಮುಂದೆ ಹಚ್ಚಿದಳು. ಬತ್ತಿ ಕೂರುವ ಮೂತಿಯವರೆಗೂ ಬಣ್ಣ ಬಳಿದಿದ್ದೆನಲ್ಲ, ಕರ್ರಗೆ ಸುಟ್ಟು ನಾತ ಹೊಡೆಯಿತು. ಅಕ್ರಿಲಿಕ್ ಉರಿಗೆ ತಾಗಬಾರದು. ವಾಸ್ತುಶಾಂತಿಯ ಹಿಂದಿನ ರಾತ್ರಿ ಕೂತು, 60 ಪಣತಿಗಳ ಮೂತಿಯ ಬಣ್ಣವನ್ನೂ ಪಾಲಿಶ್ ಪೇಪರಿನಲ್ಲಿ ಉಜ್ಜಿ ತೆಗೆದೆ. ವೈನಿಗೆ ಇನ್ನೂ ಹೇಳಿಲ್ಲ.