ಬ್ರಿಸಲ್ ವರ್ಮ್ ಹಿಡಿಯಲು ಮೀನು, ಏಡಿ, ಟ್ರ್ಯಾಪ್, ಸ್ಟಾಕಿಂಗ್: ನಾಲ್ಕನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಬ್ರಿಸಲ್ ವರ್ಮ್ ಎಂಬ ಕೂದಲಿರುವ ಹುಳ ಜಾಸ್ತಿ ಆಗಿದ್ದರೆ ದುಡ್ಡು ಕೊಟ್ಟು ಏನನ್ನೂ ತರಬೇಡಿ. ಮನೆಯಲ್ಲಿ ಒಂದು ಹಳೆಯ ನೈಲಾನ್ ಸ್ಟಾಕಿಂಗ್ ಇದ್ದರೆ ಸಾಕು. ನಾನು ಮೀನಿಗೆ 25, ಏಡಿಗೆ 30, ಟ್ರ್ಯಾಪಿಗೆ 18, ಒಟ್ಟು 73 ಡಾಲರ್ ಕಳೆದ ಮೇಲೆ ಇದನ್ನು ಕಂಡುಕೊಂಡೆ. ಹಣ ಹೋಗಿದ್ದಕ್ಕಿಂತ ಒಂದು ಮೀನು ಹೋಯಿತಲ್ಲ, ಆ ಬೇಜಾರು ಇನ್ನೂ ಇದೆ.

ನಾವಿರುವುದು ನ್ಯೂಜೆರ್ಸಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ನಡುಮನೆಯಲ್ಲಿ 40 ಗ್ಯಾಲನ್, ಅಂದರೆ ಸುಮಾರು 150 ಲೀಟರಿನ ಉಪ್ಪುನೀರಿನ ಟ್ಯಾಂಕ್. ಒಂದು ಜೊತೆ ಕ್ಲೌನ್ ಫಿಶ್, ಒಂದು ಗೋಬಿ ಮೀನು, ಒಂದು ಕ್ಲೀನರ್ ಸೀಗಡಿ, ಕೆಲವು ಬಸವನಹುಳು, ಒಂದಷ್ಟು ಹವಳ. ಲೈವ್ ರಾಕ್, ಅಂದರೆ ಜೀವಿಗಳು ಅಂಟಿಕೊಂಡಿರುವ ಸಮುದ್ರದ ಕಲ್ಲಿನ ಜೊತೆ ಬಂದ ಬ್ರಿಸಲ್ ವರ್ಮ್‌ಗಳು ಮೊದಲಿಂದಲೂ ಇದ್ದವು. ಅಪರೂಪಕ್ಕೆ ಒಂದು ಕಾಣುತ್ತಿತ್ತು, ನಾನೂ ಸುಮ್ನೆ ಬಿಟ್ಟಿದ್ದೆ.

ಡಿಸೆಂಬರಿನಲ್ಲಿ ಐದು ವಾರ ಶಿವಮೊಗ್ಗಕ್ಕೆ ಹೋದೆವು. ಮೀನಿಗೆ ಊಟ ಹಾಕಲು ಆಟೋ ಫೀಡರ್ ಇಟ್ಟಿದ್ದೆ. ಟ್ಯಾಂಕಿನ ಮೇಲಿನ ತೇವಕ್ಕೆ ಅದರೊಳಗಿನ ಕಾಳು ಗಂಟು ಕಟ್ಟಿ, ಉಂಡೆ ಉಂಡೆಯಾಗಿ ನೀರಿಗೆ ಬಿದ್ದಿದೆ. ಮೀನು ತಿಂದು ಮಿಕ್ಕಿದ್ದೆಲ್ಲ ಕಲ್ಲಿನ ಸಂದಿಗೆ ಹೋಗಿದೆ. ವಾಪಸ್ ಬಂದ ರಾತ್ರಿ ಹನ್ನೊಂದಕ್ಕೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿದರೆ ಎದೆ ಧಸಕ್ಕೆಂದಿತು. ಕಲ್ಲಿನ ಒಂದೊಂದು ತೂತಿನಿಂದಲೂ ಒಂದೊಂದು ತಲೆ. ತಿಳಿ ಗುಲಾಬಿ ಮೈ, ಎರಡೂ ಪಕ್ಕಕ್ಕೆ ಬಿಳಿ ಕೂದಲಿನ ಸಾಲು. ಒಂದೆರಡು ಗೇಣುದ್ದ ಇದ್ದವು.

ಜೊತೆಗೆ ಬಂದಿದ್ದ ಅಮ್ಮ ನೋಡಿ, 'ಅಯ್ಯೋ, ಇದು ನೀರೊಳಗಿನ ಕಂಬಳಿಹುಳ ಕಣೇ' ಅಂದರು. ಸರಿಯಾಗಿಯೇ ಹೇಳಿದರು. ಮರುದಿನ ಬರಿಗೈಯಲ್ಲಿ ಕಲ್ಲು ಎತ್ತಿದೆ, ಬೆರಳ ತುದಿಗೆ ಬೆಂಕಿ ಬಿದ್ದ ಹಾಗಾಯಿತು. ಈ ಹುಳದ ಕೂದಲು ಗಾಜಿನ ಚೂರಿನಂತೆ ಚರ್ಮದೊಳಗೆ ಹೋಗಿ ಮುರಿಯುತ್ತದೆ. ಕಂಬಳಿಹುಳ ಮುಟ್ಟಿದರೆ ಊರಲ್ಲಿ ಅಜ್ಜಿ ಕಂಬಳಿಯಿಂದ ಉಜ್ಜುತ್ತಿದ್ದರು. ಇಲ್ಲಿ ಉಜ್ಜಲೇಬಾರದು, ಇನ್ನೂ ಒಳಗೆ ಹೋಗುತ್ತದೆ. ಸೆಲೋಟೇಪ್ ಅಂಟಿಸಿ, ಮೆಲ್ಲಗೆ ಎಳೆದು ತೆಗೆಯಬೇಕು. ಆಮೇಲಿನಿಂದ ಗ್ಲೌಸ್ ಇಲ್ಲದೆ ನಾನು ಟ್ಯಾಂಕಿಗೆ ಕೈ ಹಾಕುವುದಿಲ್ಲ.

ಒಂದು ಮಾತು. ಇವು ಕೆಟ್ಟ ಹುಳಗಳಲ್ಲ. ಉಳಿದ ಊಟ, ಸತ್ತ ಬಸವನಹುಳು, ಕಸ, ಎಲ್ಲ ತಿಂದು ಟ್ಯಾಂಕ್ ಚೊಕ್ಕವಾಗಿಡುತ್ತವೆ. ಹವಳ ತಿನ್ನುವುದು ಕೆರಿಬಿಯನ್ ಕಡೆಯ ಫೈರ್ ವರ್ಮ್, ಅದು ಬೇರೆ. ಮನೆ ಟ್ಯಾಂಕಿನಲ್ಲಿ ಅದು ಸಿಗುವುದು ಕಡಿಮೆ. ಹಾಗಾಗಿ ನನಗೆ ಬೇಕಿದ್ದದ್ದು ಇವನ್ನು ಕಡಿಮೆ ಮಾಡುವ ದಾರಿ, ಪೂರ್ತಿ ಕೊಲ್ಲುವ ದಾರಿಯಲ್ಲ.

ಮೊದಲು ತಂದದ್ದು ಸಿಕ್ಸ್ ಲೈನ್ ರಾಸ್. ನೋಡಲು ತುಂಬಾ ಚಂದದ ಮೀನು. ದಿನವಿಡೀ ಕಲ್ಲು ಹುಡುಕುತ್ತಾ ಸಣ್ಣ ಹುಳ ಹೆಕ್ಕುತ್ತದೆ. ಆದರೆ ದೊಡ್ಡ ಹುಳಗಳು ಹೊರಗೆ ಬರುವುದು ರಾತ್ರಿ, ಆಗ ಇದು ಸಂದಿಯಲ್ಲಿ ಮಲಗಿರುತ್ತದೆ. ಮೇಲಾಗಿ ಗೋಬಿಯನ್ನು ಅಟ್ಟಾಡಿಸಿ ಊಟಕ್ಕೂ ಬಿಡಲಿಲ್ಲ. ಮೂರನೇ ವಾರ ಗೆಳತಿಯ ದೊಡ್ಡ ಟ್ಯಾಂಕಿಗೆ ಕೊಟ್ಟೆ.

ಆಮೇಲೆ ಆ್ಯರೋ ಕ್ರ್ಯಾಬ್. ಜೇಡದಂಥ ಉದ್ದ ಕಾಲು, ಚೂಪು ಮೂತಿಯ ಏಡಿ. ಕೆಲಸದಲ್ಲಿ ಇದಕ್ಕೆ ಸಮ ಯಾವುದೂ ಇಲ್ಲ. ಸಂದಿಗೆ ಸಣ್ಣ ಚಿಮಟದಂಥ ಕೈ ಹಾಕಿ, ಹುಳವನ್ನು ಎಳೆದು, ಶಾವಿಗೆ ತಿಂದಂತೆ ತಿನ್ನುತ್ತಿತ್ತು. ನಾನು ಖುಷಿಯಾಗಿದ್ದೆ. ಎರಡು ಸಲ ಪೊರೆ ಬಿಟ್ಟು ದೊಡ್ಡದಾಯಿತು. ಮೊದಲು ಫೆದರ್ ಡಸ್ಟರ್ ಎಂಬ ಗರಿಯಂಥ ಹುಳ ಹೋಯಿತು. ಒಂದು ಬೆಳಗ್ಗೆ ನೋಡಿದರೆ ಅದರ ಕೈಯಲ್ಲಿ ಗೋಬಿಯ ಬಾಲ. ಎರಡು ವರ್ಷ ಸಾಕಿದ ಮೀನು. ಏಡಿಯನ್ನು ಅವತ್ತೇ ಅಂಗಡಿಗೆ ವಾಪಸ್ ಕೊಟ್ಟೆ. ಚಿಕ್ಕ ಮೀನು ಸಾಕುವವರು ಇದನ್ನು ತರಲೇಬೇಡಿ.

ಹುಳ ತಿನ್ನುವ ಇನ್ನೊಂದು ಸೀಗಡಿ, ಕೋರಲ್ ಬ್ಯಾಂಡೆಡ್ ಶ್ರಿಂಪ್, ತರಲಿಲ್ಲ. ಅದು ಕ್ಲೀನರ್ ಸೀಗಡಿಯನ್ನು ಬದುಕಲು ಬಿಡುವುದಿಲ್ಲ.

ಇನ್ನು ಟ್ರ್ಯಾಪ್. ಪ್ಲಾಸ್ಟಿಕ್ ಕೊಳವೆ, ಎರಡೂ ತುದಿಗೆ ಸಣ್ಣ ತೂತು, ನಡುವೆ ಸೀಗಡಿ ಚೂರು. ರಾತ್ರಿ ಇಟ್ಟು ಬೆಳಗ್ಗೆ ತೆಗೆಯುವುದು. ಜೀವ ಇರುವ ವಸ್ತು ಅಲ್ಲ, ಯಾರನ್ನೂ ಕಚ್ಚುವುದಿಲ್ಲ, ಇದೇ ಸರಿ ಅಂದುಕೊಂಡೆ. ಮೊದಲ ರಾತ್ರಿ ಒಳಗಿನ ಗಾಳಿಗೆ ಅದು ತೇಲಿ ಮೇಲೆ ಬಂತು. ಅದು ದೊಡ್ಡದಲ್ಲ, ನೀರೊಳಗೆ ಅಲುಗಾಡಿಸಿ ಗಾಳಿ ಬಿಟ್ಟರೆ ಸರಿಯಾಗುತ್ತದೆ. ನಿಜವಾದ ತೊಂದರೆ ಆ ತೂತಿನದು.

ಸಣ್ಣ ಹುಳ ಸಲೀಸಾಗಿ ಒಳಗೆ ಹೋಗುತ್ತದೆ, ಅಷ್ಟೇ ಸಲೀಸಾಗಿ ಹೊರಗೂ ಬರುತ್ತದೆ. ಹೊಟ್ಟೆ ತುಂಬಿದ ಮೇಲೆ ಅಲ್ಲಿ ಕೂರಲು ಅದಕ್ಕೇನು ಕಾರಣ? ಬೆಳಗ್ಗೆ ಆರಕ್ಕೆ ಎದ್ದರೆ ಕೊಳವೆ ಖಾಲಿ. ಅಲಾರಂ ಇಟ್ಟು ರಾತ್ರಿ ಎರಡಕ್ಕೆ ಎದ್ದೆ. ಆಗ ಒಳಗೆ ಐದಾರು ಇದ್ದವು, ಜೊತೆಗೆ ಒಂದು ಬಸವನಹುಳು ತೂತಿಗೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು.

ನನಗೆ ಬೇಕಿದ್ದ ದೊಡ್ಡ ಹುಳದ ಕಥೆ ಇನ್ನೂ ಕಷ್ಟ. ಅದು ಮುಂಭಾಗ ಮಾತ್ರ ಕೊಳವೆಯೊಳಗೆ ತೂರಿಸಿ, ಹಿಂಭಾಗವನ್ನು ಕಲ್ಲಿನೊಳಗೇ ಬಿಗಿ ಹಿಡಿದಿರುತ್ತದೆ. ಟ್ರ್ಯಾಪ್ ಎತ್ತಿದೆ. ರಬ್ಬರಿನಂತೆ ಹಿಗ್ಗಿತು, ಹಿಗ್ಗಿ ಹಿಗ್ಗಿ ಎರಡು ತುಂಡಾಯಿತು. ಈ ಜಾತಿ ಹುಳ ತುಂಡಾದರೆ ಸಾಯಬೇಕೆಂದೇನಿಲ್ಲ, ತುಂಡು ಮತ್ತೆ ಪೂರ್ತಿ ಹುಳವಾಗಿ ಬೆಳೆಯಬಲ್ಲದು. ಅಂದರೆ ಒಂದನ್ನು ಕಡಿಮೆ ಮಾಡಲು ಹೋಗಿ ಎರಡು ಮಾಡಿದ ಹಾಗಾಯಿತು. ಇನ್ನೊಂದು ಸಲವೂ ಹೀಗೇ ಆಯಿತು. ಕೊಳವೆ ತೊಳೆಯುವಾಗ ಒಳಗಂಟಿದ ಕೂದಲು ಗ್ಲೌಸ್ ದಾಟಿ ಚುಚ್ಚಿದ್ದು ಬೇರೆ. ಹತ್ತು ರಾತ್ರಿ ನಿದ್ದೆಗೆಟ್ಟು ಹಿಡಿದದ್ದು ಮೂವತ್ತೋ ಮೂವತ್ತೈದೋ ಇರಬೇಕು.

ಸ್ಟಾಕಿಂಗ್‌ನಲ್ಲಿ ಕೆಲಸ ನಡೆಯುವುದು ಹುಳದ ಕೂದಲಿನಿಂದಲೇ. ಚಳಿಗಾಲದಲ್ಲಿ ಆಫೀಸಿಗೆ ಹಾಕುತ್ತಿದ್ದ ಒಂದು ನೈಲಾನ್ ಸ್ಟಾಕಿಂಗ್ ಹರಿದಿತ್ತು. ಸೋಪಿಲ್ಲದೆ ಬಿಸಿನೀರಲ್ಲಿ ಚೆನ್ನಾಗಿ ತೊಳೆದೆ. ಅಂಗೈಯಷ್ಟು ತುಂಡು ಕತ್ತರಿಸಿ, ಹಸಿ ಸೀಗಡಿಯ ಒಂದು ಚೂರು ಮತ್ತು ಒಂದು ಸಣ್ಣ ಕಲ್ಲು ಇಟ್ಟು, ಸಡಿಲವಾಗಿ ಗಂಟು ಹಾಕಿದೆ. ಒಂದು ಉದ್ದ ದಾರ ಕಟ್ಟಿ, ಲೈಟ್ ಆರಿದ ಮೇಲೆ ಕಲ್ಲಿನ ಬುಡದಿಂದ ಸ್ವಲ್ಪ ದೂರ, ಮರಳಿನ ಮೇಲೆ ಇಟ್ಟೆ.

ವಾಸನೆಗೆ ಹುಳ ಬಂದು ಬಟ್ಟೆಯ ಮೇಲೆ ಹರಿದಾಡುತ್ತದೆ. ಅದರ ಕೂದಲು ನೈಲಾನ್ ಬಲೆಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಹೊರಳಿದಷ್ಟೂ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ತೂತಿನ ಅಳತೆಯ ಗೋಳಿಲ್ಲ, ಸಣ್ಣದು ದೊಡ್ಡದು ಎರಡೂ ಬೀಳುತ್ತವೆ. ಒಂದು ಗಂಟೆ ಬಿಟ್ಟು ಮೆಲ್ಲಗೆ ಎತ್ತಿ, ಕೆಳಗೆ ಮೀನಿನ ಬಲೆ ಹಿಡಿದರೆ ಮುಗಿಯಿತು. ಮೊದಲ ರಾತ್ರಿ ಹದಿನೆಂಟು ಎಣಿಸಿದೆ. ಹತ್ತೂವರೆಗೆ ಇಟ್ಟು ಹನ್ನೊಂದೂವರೆಗೆ ತೆಗೆದು ಮಲಗಿದೆ. ನನಗೆ ಅದೇ ದೊಡ್ಡ ವಿಷಯ.

ಇದರಲ್ಲೂ ಒಂದು ಎಚ್ಚರ ಬೇಕು. ರಾತ್ರಿಯೆಲ್ಲ ಬಿಟ್ಟರೆ ಸೀಗಡಿ ಕೊಳೆತು ನೀರು ಕೆಡುತ್ತದೆ. ಕಲ್ಲಿಗೆ ತೀರಾ ಹತ್ತಿರ ಇಟ್ಟರೆ ದೊಡ್ಡ ಹುಳ ಇಲ್ಲೂ ಬಾಲ ಬಿಗಿ ಹಿಡಿಯುತ್ತದೆ, ಅದಕ್ಕೆ ನಾಲ್ಕು ಬೆರಳಿನಷ್ಟು ದೂರ ಇಡಿ.

ಯಾವ ದಾರಿ ಹಿಡಿದರೂ ಊಟ ಕಡಿಮೆ ಮಾಡದಿದ್ದರೆ ಹುಳ ಮತ್ತೆ ಬರುತ್ತವೆ. ನಾನೀಗ ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ, ಮೀನಿನ ಊಟ) ಪೂರ್ತಿ ಕ್ಯೂಬ್ ಹಾಕುವುದಿಲ್ಲ, ಅರ್ಧ ಸಾಕು. ಕರಗಿಸಿ, ಜಾಲರಿಯಲ್ಲಿ ತೊಳೆದು ಹಾಕುತ್ತೇನೆ. ಪ್ರತಿವರ್ಷ ಊರಿಗೆ ಹೋಗುವವರು ನಾವು. ಈ ಡಿಸೆಂಬರಿಗೆ ಆಟೋ ಫೀಡರ್ ಇಡುವುದಿಲ್ಲ. ಎದುರು ಮನೆಯ ಹುಡುಗಿ ದಿನ ಬಿಟ್ಟು ದಿನ ಬರಲು ಒಪ್ಪಿದ್ದಾಳೆ. ಒಂದೊಂದು ದಿನದ ಊಟವನ್ನು ಪುಟ್ಟ ಡಬ್ಬಿಗಳಲ್ಲಿ ತುಂಬಿಡುತ್ತೇನೆ.

ಸ್ಟಾಕಿಂಗ್ ಈಗ ತಿಂಗಳಿಗೊಂದು ರಾತ್ರಿ ಮಾತ್ರ. ಸಿಕ್ಕಿದ ದೊಡ್ಡ ಹುಳಗಳನ್ನು ಚಿಮಟದಿಂದ ಬಿಡಿಸಿ ಕೆಳಗಿನ ಸಂಪ್‌ಗೆ, ಅಂದರೆ ಟ್ಯಾಂಕಿನ ನೀರು ಶುದ್ಧವಾಗುವ ಫಿಲ್ಟರ್ ತೊಟ್ಟಿಗೆ, ಬಿಡುತ್ತೇನೆ. ಅಲ್ಲಿ ಬೀಳುವ ಕಸ ತಿಂದುಕೊಂಡು ಆರಾಮವಾಗಿವೆ.