ಹೊಸ ಪಿಸಿಯ ಬಣ್ಣ ಬಯಲು ಮಾಡುವ ಡಾವಿಂಚಿ ರಿಸಾಲ್ವ್

ಪುಕ್ಕಟೆ ಸಿಗುವ ವಿಡಿಯೋ ಎಡಿಟರ್‌ಗಳಲ್ಲಿ ಡಾವಿಂಚಿ ರಿಸಾಲ್ವ್‌ಗೆ ಸಾಟಿ ಇಲ್ಲ, ಇದನ್ನು ಮೊದಲೇ ಹೇಳಿಬಿಡೋಣ. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್‌ನವರ ಈ ತಂತ್ರಾಂಶ 3840×2160 ಅಳತೆಯಲ್ಲಿ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಎಕ್ಸ್‌ಪೋರ್ಟ್ ಮಾಡಿಕೊಡುತ್ತದೆ. ಇಷ್ಟೇ ದಿನ ಅನ್ನುವ ಗಡುವಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಗೆ ಮೀಸಲಿಟ್ಟ ಎಫೆಕ್ಟ್‌ಗಳನ್ನು ಮುಟ್ಟದಿದ್ದರೆ ವಾಟರ್‌ಮಾರ್ಕ್ ಕೂಡ ಬೀಳದು. ಹೀಗಿದ್ದೂ ಒಂದು ದೂರು ಮಾತ್ರ ತಪ್ಪದೆ ಕೇಳಿಬರುತ್ತದೆ: ಹೊಸ ಕಂಪ್ಯೂಟರ್ ತಂದೆ, ಇನ್‌ಸ್ಟಾಲ್ ಮಾಡಿದೆ, ಎರಡು ಕ್ಲಿಪ್ ಎಳೆದು ಟೈಮ್‌ಲೈನ್‌ಗೆ ಹಾಕಿದೆ, ಅಷ್ಟಕ್ಕೇ ರಿಸಾಲ್ವ್ ಮುಚ್ಚಿಕೊಂಡಿತು. ಅದೇ ಯಂತ್ರದಲ್ಲಿ ಕ್ರೋಮ್ ಚೆನ್ನಾಗಿದೆ, ಗೇಮ್ ಚೆನ್ನಾಗಿದೆ. ಹಾಗಾದರೆ ತಪ್ಪು ರಿಸಾಲ್ವ್‌ನದೇ ಅಲ್ಲವೇ?

ಅನೇಕ ಸಲ ಅಲ್ಲ. ರಿಸಾಲ್ವ್ ಚಿತ್ರದ ಕೆಲಸವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿನ ತಲೆಗೆ ಕಟ್ಟುತ್ತದೆ, ಅದೂ 32 ಬಿಟ್ ಫ್ಲೋಟ್ ಲೆಕ್ಕದಲ್ಲಿ. ಒಂದು ಯುಹೆಚ್‌ಡಿ ಫ್ರೇಮ್ ತೆಗೆದುಕೊಳ್ಳಿ: 3840 × 2160 ಪಿಕ್ಸೆಲ್, ಆಲ್ಫಾ ಸೇರಿ ನಾಲ್ಕು ಚಾನೆಲ್, ಚಾನೆಲ್‌ಗೆ 4 ಬೈಟ್. ಗುಣಿಸಿದರೆ ಸುಮಾರು 133 ಎಂಬಿ. ಇದು ಒಂದೇ ಒಂದು ಫ್ರೇಮಿನ ಕಥೆ. ಬಣ್ಣ ತಿದ್ದಿದ ಕ್ಲಿಪ್ ಮೇಲೆ ಟೈಟಲ್, ಅದರ ಪಕ್ಕ ಇನ್ನೊಂದು ಕ್ಲಿಪ್, ನಡುವೆ ಟ್ರಾನ್ಸಿಶನ್ ಇದ್ದರೆ ಇಂಥ ಹಲವು ಫ್ರೇಮ್‌ಗಳು ಒಟ್ಟಿಗೆ ಕಾರ್ಡಿನ ಮೆಮೊರಿಯಲ್ಲಿ ಕೂರಬೇಕು. ಚಿತ್ರದ ಕಾಳುಕಾಳು ಅಳಿಸುವ, ಸ್ಟುಡಿಯೋದ ಟೆಂಪೊರಲ್ ನಾಯ್ಸ್ ರಿಡಕ್ಷನ್‌ನಲ್ಲಿ ಹಿಂದೆ 5, ಮುಂದೆ 5 ಫ್ರೇಮ್ ನೋಡು ಅಂದರೆ ಆ 11 ಫ್ರೇಮ್‌ಗೇ ಸುಮಾರು 1.5 ಜಿಬಿ. 4 ಜಿಬಿ ಕಾರ್ಡ್ ಯಾಕೆ ಏದುಸಿರು ಬಿಡುತ್ತದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ. ಟೈಮ್‌ಲೈನನ್ನು 1920×1080ಕ್ಕೆ ಇಳಿಸಿದರೆ ಈ ಹೊರೆ ಕಾಲು ಭಾಗಕ್ಕೆ ಬರುತ್ತದೆ. ಎಡಿಟಿಂಗ್ ಮುಗಿಸಿ ಎಕ್ಸ್‌ಪೋರ್ಟ್ ಮಾಡುವ ಡೆಲಿವರ್ ಪುಟಕ್ಕೆ ಹೋಗುವ ಮುಂಚೆ ಮತ್ತೆ ಯುಹೆಚ್‌ಡಿಗೆ ಏರಿಸಿದರಾಯಿತು, ಚಿತ್ರದ ಗುಣಮಟ್ಟಕ್ಕೆ ಏನೂ ಊನವಿಲ್ಲ. 8 ಜಿಬಿಗಿಂತ ಕಡಿಮೆ ಮೆಮೊರಿಯ ಕಾರ್ಡ್ ಇಟ್ಟುಕೊಂಡವರು ಮೊದಲು ಮಾಡಬೇಕಾದ್ದು ಇದನ್ನೇ.

'ಯುವರ್ ಜಿಪಿಯು ಮೆಮೊರಿ ಈಸ್ ಫುಲ್' ಎಂದು ಪರದೆಯ ಮೇಲೆ ಬಂದರೆ ನೀವು ಪುಣ್ಯವಂತರು, ಕಾರಣವಾದರೂ ತಿಳಿಯಿತು. ಸದ್ದಿಲ್ಲದೆ ಮುಚ್ಚಿಕೊಂಡರೆ ವಿಂಡೋಸ್‌ನ ದಾಖಲೆ ಓದಬೇಕು. ಸ್ಟಾರ್ಟ್ ಒತ್ತಿ 'ಇವೆಂಟ್ ವ್ಯೂವರ್' ತೆರೆಯಿರಿ, ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಮುಚ್ಚಿಕೊಂಡ ಸಮಯಕ್ಕೆ ಸರಿಯಾಗಿ ಕೆಂಪು ಗುರುತಿನ ಸಾಲೊಂದು ಇರುತ್ತದೆ, ಇವೆಂಟ್ ಐಡಿ 1000. ಅದರೊಳಗೆ 'ಫಾಲ್ಟಿಂಗ್ ಮಾಡ್ಯೂಲ್ ನೇಮ್' ಅನ್ನುವ ಸಾಲೇ ನಿಮಗೆ ಬೇಕಾದ್ದು. ಫೈಲ್ ಹೆಸರು 'ಎನ್‌ವಿ'ಯಿಂದ ಶುರುವಾದರೆ ಎನ್‌ವಿಡಿಯಾ ಡ್ರೈವರ್ ಕಡೆ ನೋಡಿ, 'ಎಎಂಡಿ' ಅಥವಾ 'ಎಟಿಐ' ಆದರೆ ಎಎಂಡಿ, 'ಐಜಿ' ಆದರೆ ಇಂಟೆಲ್‌ನ ಒಳಗ್ರಾಫಿಕ್ಸ್. ಆಡಿಯೋ ತಂತ್ರಾಂಶ ನಹಿಮಿಕ್‌ನ ಹೆಸರು ಕಂಡರೆ ಅದನ್ನು ಸರ್ವೀಸಸ್‌ನಲ್ಲಿ ನಿಲ್ಲಿಸಿ, ಅಥವಾ ಕಿತ್ತುಹಾಕಿ. ಮದರ್‌ಬೋರ್ಡ್ ಜತೆ ಕೇಳದೆ ಬರುವ ಇಂಥವು ಬೇರೆ ತಂತ್ರಾಂಶಗಳೊಳಗೆ ನುಸುಳಿ ಕೂರುತ್ತವೆ. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ ತೋರಿಸುವ ಓವರ್‌ಲೇಗಳೂ ಅದೇ ಜಾತಿ. ಪ್ರತಿ ಸಲ ಬೇರೆ ಬೇರೆ ಫೈಲ್ ಹೆಸರು ಬರುತ್ತಿದೆ, ಒಮ್ಮೆ 'ಎನ್‌ಟಿಡಿಎಲ್‌ಎಲ್', ಒಮ್ಮೆ ರಿಸಾಲ್ವ್‌ನದೇ, ಒಮ್ಮೆ ಮತ್ತಾವುದೋ ಅಂದರೆ ಡ್ರೈವರ್ ಬದಲಿಸುತ್ತ ಕೂರಬೇಡಿ. ಅದು ರ‍್ಯಾಮ್ ಅಥವಾ ಪ್ರೊಸೆಸರ್ ಕೈಕೊಡುತ್ತಿರುವ ಲಕ್ಷಣ.

ಅಪ್ಲಿಕೇಶನ್ ಪಕ್ಕದ ಸಿಸ್ಟಮ್ ಲಾಗನ್ನೂ ನೋಡಿ. ಐಡಿ 4101 ಇದ್ದರೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ವಿಂಡೋಸ್ ಅದನ್ನು ಮತ್ತೆ ಎಬ್ಬಿಸಿದೆ ಎಂದರ್ಥ. ಇದಕ್ಕೆ ವಿಂಡೋಸ್ ಕೊಡುವ ಗಡುವು ಬರೀ 2 ಸೆಕೆಂಡ್. ಡಬ್ಲ್ಯುಹೆಚ್‌ಇಎ ಹೆಸರಿನ ಸಾಲುಗಳಿದ್ದರೆ ಹಾರ್ಡ್‌ವೇರ್ ತಾನೇ ಒಪ್ಪಿಕೊಂಡ ತಪ್ಪು. ಕರ್ನಲ್ ಪವರ್ 41 ಇದ್ದು, ಇಡೀ ಯಂತ್ರವೇ ರೀಸ್ಟಾರ್ಟ್ ಆಗುತ್ತಿದ್ದರೆ ಪವರ್ ಸಪ್ಲೈ, ಕಾರ್ಡಿನ ಪವರ್ ಕೇಬಲ್, ಬಿಸಿ, ಈ ಮೂರನ್ನು ಮೊದಲು ನೋಡಿ.

ಡ್ರೈವರ್ ವಿಷಯ. ಹೊಸ ಪಿಸಿಯಲ್ಲಿ ವಿಂಡೋಸ್ ಅಪ್‌ಡೇಟ್ ತಾನಾಗಿ ತಂದು ಹಾಕಿದ ಡ್ರೈವರ್ ಇರುತ್ತದೆ, ಅದನ್ನು ನಂಬಬೇಡಿ. ಎನ್‌ವಿಡಿಯಾ ಕಾರ್ಡ್ ಆದರೆ ಗೇಮ್ ರೆಡಿ ಬಿಟ್ಟು ಸ್ಟುಡಿಯೋ ಡ್ರೈವರ್ ಇಳಿಸಿಕೊಳ್ಳಿ, ಹಾಕುವಾಗ ಕಸ್ಟಮ್ ಆರಿಸಿ 'ಕ್ಲೀನ್ ಇನ್‌ಸ್ಟಾಲೇಶನ್' ಟಿಕ್ ಮಾಡಿ. ಹಳೆಯ ಪಿಸಿಯ ಎಸ್‌ಎಸ್‌ಡಿಯನ್ನೇ ಕಿತ್ತು ತಂದು ಹೊಸದಕ್ಕೆ ಹಾಕಿದ್ದರೆ ಇಷ್ಟು ಸಾಲದು. ಹಳೆ ಎಎಂಡಿ ಕಾರ್ಡಿನ ಡ್ರೈವರ್ ಮೇಲೆ ಹೊಸ ಎನ್‌ವಿಡಿಯಾ ಡ್ರೈವರ್ ಕೂತಿರುತ್ತದೆ. ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ ಎರಡನ್ನೂ ಗುಡಿಸಿ, ಆಮೇಲೆ ಹೊಸದು ಹಾಕಿ. ಇನ್ನೊಂದು ಮಾತು, ನಗಬೇಡಿ: ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದೆಯೋ ಮದರ್‌ಬೋರ್ಡಿಗೆ ಚುಚ್ಚಿದೆಯೋ ಒಮ್ಮೆ ಬಗ್ಗಿ ನೋಡಿ, ಕಾರ್ಡಿಗೇ ಚುಚ್ಚಿರಬೇಕು. ಲ್ಯಾಪ್‌ಟಾಪ್ ಆದರೆ ಸೆಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ರಿಸಾಲ್ವ್ ಸೇರಿಸಿ 'ಹೈ ಪರ್ಫಾರ್ಮೆನ್ಸ್' ಕೊಡಿ, ಎಡಿಟ್ ಮಾಡುವಾಗ ಚಾರ್ಜರ್ ಚುಚ್ಚಿರಲಿ.

ಇಷ್ಟಾದರೂ ಸರಿಹೋಗದಿದ್ದರೆ ರ‍್ಯಾಮ್. ಅಂಗಡಿಯಲ್ಲಿ ಜೋಡಿಸುವವರು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟಿಂಗ್ಸ್) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ರ‍್ಯಾಮ್ ವೇಗದ ಸೆಟಿಂಗ್ ಆನ್ ಮಾಡಿ ಕಳಿಸುತ್ತಾರೆ, ಡಬ್ಬಿಯ ಮೇಲೆ ಬರೆದ ವೇಗ ಬರಲಿ ಎಂದು. ಅದು ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ವೇಗ ಮೀರಿ ಓಡಿಸುವುದು. ಮದರ್‌ಬೋರ್ಡಿನ ನಾಲ್ಕೂ ಸ್ಲಾಟ್ ತುಂಬಿದರಂತೂ ಡಿಡಿಆರ್5 ಮೊದಲೇ ಮುನಿಸಿಕೊಳ್ಳುತ್ತದೆ: ರೈಜೆನ್ 7000 ಸಾಲಿಗೆ ಎಎಂಡಿ ಕೊಟ್ಟಿರುವ ಅಧಿಕೃತ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ ಬರೀ 3600. ಆದ್ದರಿಂದ 8 ಜಿಬಿಯ ನಾಲ್ಕರ ಬದಲು 16 ಜಿಬಿಯ ಎರಡು ಕೊಳ್ಳಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಪರೀಕ್ಷೆಗೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ ಅದೇ ಪ್ರಾಜೆಕ್ಟ್ ತೆರೆಯಿರಿ. ರಿಸಾಲ್ವ್ ಹೀಗೆ ಮುಚ್ಚಿ ಬೀಳುವುದು ನಿಂತರೆ ಕಳ್ಳ ಸಿಕ್ಕ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ, ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ವಾಪಸ್. ಒಂದೇ ತಾನೇ ಎಂಬ ರಿಯಾಯಿತಿ ಬೇಡ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರು ಇನ್ನೂ ಒಂದು ಮೆಟ್ಟಿಲು ಇಳಿಯಬೇಕು. ಈ ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿದ್ದುದನ್ನು 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಆದೇಶಗಳ ತಿದ್ದುಪಡಿ) ಬಂದವು. ಇವು ನಿಮ್ಮ ಯಂತ್ರ ಸೇರುವುದು ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಮೂಲಕ. ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಬೋರ್ಡ್‌ನಲ್ಲಿ ಹಳೆ ಬಯಾಸೇ ಇರುತ್ತದೆ, ಡಬ್ಬಿ ಹೊಸದಾದರೇನು? ಬಯಾಸ್ ತಾರೀಖು 2024ರ ಸೆಪ್ಟೆಂಬರ್‌ಗಿಂತ ಹಿಂದಿನದಾದರೆ ಮೊದಲು ಅದನ್ನು ಏರಿಸಿ, ಆಮೇಲೆ 'ಇಂಟೆಲ್ ಡಿಫಾಲ್ಟ್ ಸೆಟಿಂಗ್ಸ್' ಆರಿಸಿ. ಎನ್‌ವಿಡಿಯಾ ಡ್ರೈವರ್ ಇನ್‌ಸ್ಟಾಲರೇ ಅರ್ಧಕ್ಕೆ ನಿಲ್ಲುವುದು, ಜಿಪ್ ಬಿಚ್ಚುವಾಗ ಸಿಆರ್‌ಸಿ ಎರರ್ ಬರುವುದು, ಕಾರ್ಡಿನಲ್ಲಿ ಮೆಮೊರಿ ಖಾಲಿ ಇದ್ದರೂ ಗೇಮ್ 'ಔಟ್ ಆಫ್ ವಿಡಿಯೋ ಮೆಮೊರಿ' ಅನ್ನುವುದು, ಇವು ಈಗಾಗಲೇ ಪೆಟ್ಟು ತಿಂದ ಚಿಪ್‌ನ ಗುರುತುಗಳು. ಪೆಟ್ಟು ಬಿದ್ದದ್ದನ್ನು ಮೈಕ್ರೋಕೋಡ್ ವಾಸಿ ಮಾಡದು, ಬದಲಿಸಿಕೊಳ್ಳಬೇಕು. ತೊಂದರೆಗೆ ಸಿಕ್ಕ ಈ ಚಿಪ್‌ಗಳು ಡಬ್ಬಿಯಲ್ಲಿ ಬಂದಿದ್ದರೆ ಅವುಗಳ ವಾರಂಟಿಯನ್ನು ಇಂಟೆಲ್ 3 ವರ್ಷದಿಂದ 5ಕ್ಕೆ ಏರಿಸಿದೆ. ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಚಿಪ್‌ಗೆ ಮಾರಿದವರನ್ನೇ ಹಿಡಿಯಬೇಕು, ಹಾಗಾಗಿ ಕೊಳ್ಳುವಾಗ ಡಬ್ಬಿಯನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ.

ಇನ್ನು ರಿಸಾಲ್ವ್ ಒಳಗಿನ ಕೆಲಸ. ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀ ಒತ್ತಿದರೆ ಪ್ರಿಫರೆನ್ಸಸ್ ತೆರೆಯುತ್ತದೆ. 'ಮೆಮೊರಿ ಅಂಡ್ ಜಿಪಿಯು'ನಲ್ಲಿ ಪ್ರೊಸೆಸಿಂಗ್ ಮೋಡ್ ಆಟೋ ತೆಗೆದು ಎನ್‌ವಿಡಿಯಾ ಆದರೆ ಕುಡಾ, ಎಎಂಡಿ ಆದರೆ ಓಪನ್‌ಸಿಎಲ್ ಕೊಡಿ, ಕಾರ್ಡನ್ನು ಕೈಯಾರೆ ಆರಿಸಿ. ಕ್ಲಿಪ್ ಹಾಕಿದ ಕ್ಷಣವೇ ಬೀಳುತ್ತಿದ್ದರೆ 'ಡಿಕೋಡ್ ಆಪ್ಶನ್ಸ್'ನಲ್ಲಿ ಹೆಚ್.264 ಮತ್ತು ಹೆಚ್‌ಇವಿಸಿಯ ಹಾರ್ಡ್‌ವೇರ್ ಡಿಕೋಡಿಂಗ್ ಟಿಕ್ ತೆಗೆದು ನೋಡಿ. ನಿಧಾನವಾಗುತ್ತದೆ, ಆದರೆ ದೋಷ ಡಿಕೋಡರಿನದೋ ಅಲ್ಲವೋ ತೀರ್ಮಾನವಾಗುತ್ತದೆ. ಯಾವುದನ್ನು ಬದಲಿಸಿದೆವು ಅನ್ನುವುದೇ ಮರೆತುಹೋಗಿದ್ದರೆ ಅದೇ ಕಿಟಕಿಯ ಬಲ ಮೇಲ್ತುದಿಯ ಮೂರು ಚುಕ್ಕಿ ಒತ್ತಿ ರೀಸೆಟ್ ಮಾಡಿ. ತೆರೆಯುವಾಗಲೇ ಬೀಳುತ್ತಿದ್ದರೆ ಪ್ಲಗಿನ್ ಮೇಲೆ ಸಂಶಯ ಪಡಿ: ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್ ಒಳಗಿನ ಓಎಫ್‌ಎಕ್ಸ್ ಫೋಲ್ಡರ್ ಹೆಸರು ಬದಲಿಸಿ ತೆರೆಯಿರಿ. ಟೈಟಲ್ ಹಾಕುವಾಗ ಮಾತ್ರ ಬೀಳುತ್ತಿದ್ದರೆ ಕೆಟ್ಟ ಫಾಂಟ್ ಒಂದು ಇದ್ದೀತು. ಎಲ್ಲೆಲ್ಲಿಂದಲೋ ಕೂಡಿಹಾಕಿದ ನೂರಾರು ಹಳೆಯ ಕನ್ನಡ ಫಾಂಟ್‌ಗಳನ್ನು ಹೊಸ ಯಂತ್ರಕ್ಕೂ ಹೊತ್ತು ತಂದವರು ಅವನ್ನು ತೆಗೆದು, ಬೇಕಾದ ನಾಲ್ಕನ್ನಷ್ಟೇ ಮತ್ತೆ ಹಾಕಲಿ.

ಫೋನಿನ ವಿಡಿಯೋಗಳ ಫ್ರೇಮ್ ರೇಟ್ ಏರಿಳಿಯುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ತಂತ್ರಾಂಶದಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಕೊಟ್ಟು ಬದಲಿಸಿಕೊಂಡರೆ ಮಾತು ಮತ್ತು ತುಟಿ ಹೊಂದುತ್ತವೆ. ದೊಡ್ಡ ಫೈಲ್‌ಗಳಿಗೆ ಮೀಡಿಯಾ ಪೂಲ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗಷ್ಟೇ ಬಳಸುವ ಹಗುರ ಪ್ರತಿ, ಮಾಡಿಸಿಕೊಳ್ಳಿ. ಬಣ್ಣದ ವಿವರ ಹೆಚ್ಚು ಉಳಿಸಿಕೊಳ್ಳುವ 10 ಬಿಟ್ 4:2:2 ಹೆಚ್.265ರಲ್ಲಿ ಚಿತ್ರೀಕರಿಸುವ ಕ್ಯಾಮೆರಾ ನಿಮ್ಮದಾದರೆ ಖರೀದಿಗೆ ಮುಂಚೆಯೇ ಯೋಚಿಸಬೇಕಿತ್ತು: ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಮತ್ತು 40 ಸಾಲು ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಚ್ಚಲಾರವು, 50ರ ಸಾಲಿನಿಂದ ಮಾತ್ರ ಸಾಧ್ಯ. ಇಂಟೆಲ್‌ನ ಒಳಗ್ರಾಫಿಕ್ಸ್ ಬಹಳ ಹಿಂದೆಯೇ ಕಲಿತಿದೆ, ಆದರೆ ಒಂದಿಷ್ಟು ಅಗ್ಗವೆಂದು ಅಂಗಡಿಯವರು ಕೊಡುವ 'ಎಫ್' ಅಕ್ಷರದ ಪ್ರೊಸೆಸರ್‌ಗಳಲ್ಲಿ ಆ ಒಳಗ್ರಾಫಿಕ್ಸೇ ಇರುವುದಿಲ್ಲ.

ರಿಸಾಲ್ವ್ ಮೇಲಿನ ನಿಜವಾದ ತಕರಾರು ಅದು ಬೀಳುತ್ತದೆ ಅನ್ನುವುದಲ್ಲ, ಯಾಕೆ ಬಿದ್ದೆ ಎಂದು ಬಾಯಿ ಬಿಡುವುದಿಲ್ಲ ಅನ್ನುವುದು. ಹೆಲ್ಪ್ ಮೆನುವಿನಿಂದ ಡೆಸ್ಕ್‌ಟಾಪ್‌ಗೆ ಡಯಾಗ್ನಾಸ್ಟಿಕ್ ಲಾಗ್ ತೆಗೆಯಬಹುದು ನಿಜ, ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ಸಾಮಾನ್ಯರ ಕೆಲಸವಲ್ಲ. ಇನ್ನೊಂದು, ಹೊಸ ಆವೃತ್ತಿಯಲ್ಲಿ ತೆರೆದ ಪ್ರಾಜೆಕ್ಟ್ ಹಳೆಯದಕ್ಕೆ ಮರಳುವುದಿಲ್ಲ, ಏರಿಸುವ ಮುಂಚೆ ಲೈಬ್ರರಿ ಬ್ಯಾಕಪ್ ಮಾಡಿಕೊಳ್ಳದವರು ಆಮೇಲೆ ಪರದಾಡುತ್ತಾರೆ. ಮೆಚ್ಚಬೇಕಾದ್ದೂ ಇದೆ. ಲೈವ್ ಸೇವ್ ಆನ್ ಇದ್ದರೆ ಬಿದ್ದ ಮೇಲೂ ಕೊನೆಯ ಕಟ್‌ವರೆಗಿನ ಕೆಲಸ ಹಾಗೇ ಸಿಗುತ್ತದೆ.

295 ಡಾಲರ್ ಕೊಟ್ಟು ಸ್ಟುಡಿಯೋ ಕೊಂಡರೆ ಬೀಳುವುದು ನಿಲ್ಲುತ್ತದೆಯೇ? ಯಂತ್ರದ ದೋಷವಾದರೆ ಖಂಡಿತ ಇಲ್ಲ. ಮೊದಲು ಪುಕ್ಕಟೆ ಆವೃತ್ತಿ ಒಂದು ವಾರ ಬೀಳದೆ ನಡೆಯಲಿ, ಆಮೇಲೆ ದುಡ್ಡಿನ ಮಾತು. ಒಮ್ಮೆ ಕೊಂಡರೆ ಎರಡು ಕಂಪ್ಯೂಟರ್‌ಗೆ ಆಗುತ್ತದೆ, ತಿಂಗಳ ಬಾಡಿಗೆ ಇಲ್ಲ. 16 ಜಿಬಿ ರ‍್ಯಾಮ್, 8 ಜಿಬಿ ಕಾರ್ಡ್ ಇದ್ದವರಿಗೆ ಧೈರ್ಯವಾಗಿ ಹೇಳಬಹುದು, ಇಳಿಸಿಕೊಳ್ಳಿ. ವಿಶುವಲ್ ಎಫೆಕ್ಟ್‌ಗಳ ಫ್ಯೂಶನ್ ಪುಟದಲ್ಲಿ ಕೆಲಸ ಹೆಚ್ಚಿದ್ದರೆ ರ‍್ಯಾಮ್ 32 ಇರಲಿ. 8 ಜಿಬಿ ರ‍್ಯಾಮ್‌ನ, ಬೇರೆ ಕಾರ್ಡಿಲ್ಲದ ಲ್ಯಾಪ್‌ಟಾಪ್‌ನವರು ಇದರ ಸಹವಾಸಕ್ಕೆ ಹೋಗದಿರುವುದೇ ಲೇಸು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಪಿಸಿ ಜೋಡಿಸಿಕೊಳ್ಳುವವರು ಇನ್‌ಸ್ಟಾಲರನ್ನೂ ಹತ್ತು ನಿಮಿಷದ 4ಕೆ ಕ್ಲಿಪ್ಪನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಬಾಕಿ ಹಣ ಕೊಡುವ ಮುಂಚೆ ಎಕ್ಸ್‌ಎಂಪಿ ಆನ್ ಇರುವಾಗಲೇ ಅದಕ್ಕೆ ಒಂದಿಷ್ಟು ಬಣ್ಣ ತಿದ್ದಿ, ಬ್ಲರ್ ಹಾಕಿ, ಎರಡು ಸಲ ಪೂರ್ತಿ ರೆಂಡರ್ ಮಾಡಿಸಿ ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ, ರ‍್ಯಾಮ್ ಬದಲಿಸಿ ಕೊಡಲು ಅವರಿಗೂ ಆಗಲೇ ಸುಲಭ.