ಜಿಪ್ಸಿಯ ಹಿಂದಿನ ಹೌಸಿಂಗಿಗೆ ಎಣ್ಣೆ: ಪಂಪೋ, ಗನ್ನೋ, ಲೆವೆಲ್ ಪೈಪೋ?

ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಗೇರುಗಳ ಜೋಡಣೆ; ಅದರ ಕವಚವೇ ಹೌಸಿಂಗ್) ಎಣ್ಣೆಯನ್ನು ಮನೆಯಲ್ಲೇ ಬದಲಿಸುವವರಿಗೆ ನನ್ನ ಮತ ಮೊದಲೇ ಹೇಳಿಬಿಡುತ್ತೇನೆ: ಗಾರೆಯವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು, ಜೊತೆಗೊಂದು ಆಲಿಕೆ. ಆನ್‌ಲೈನಿನಲ್ಲಿ ತರಿಸಿದ ಕೈಪಂಪಿಗೆ ಕೊಟ್ಟ ದುಡ್ಡಿಗೆ ಎರಡು ಲೀಟರ್ ಗೇರ್ ಆಯಿಲ್ ಬರುತ್ತಿತ್ತು.

ನನ್ನದು ಮಾರುತಿ ಜಿಪ್ಸಿ, ಓಡುವುದು ಸಕಲೇಶಪುರ ಕಡೆಯ ತೋಟದ ದಾರಿಗಳಲ್ಲಿ. ಮಳೆಗಾಲದಲ್ಲಿ ಹಳ್ಳ ದಾಟದೆ ವಿಧಿಯಿಲ್ಲ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗಿಗೆ ಗಾಳಿಯಾಡುವ ಕಿಂಡಿಯಾದ ಬ್ರೀದರಿಗೆ ಕೆಸರು ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಮೇಲೆ ಇಳಿಯುವ ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗೆ. ಅದಕ್ಕೇ ಕಿಲೋಮೀಟರ್ ಲೆಕ್ಕ ಬಿಟ್ಟು, ಪ್ರತಿ ವರ್ಷ ಮಳೆ ಮುಗಿದ ಮೇಲೆ ಬದಲಿಸುತ್ತೇನೆ.

ಇಳಿಸುವುದು ಕಷ್ಟವಲ್ಲ. ಮೇಲಿನ, ಅಂದರೆ ಎಣ್ಣೆ ತುಂಬುವ ತೂತಿನ ಪ್ಲಗ್ ಮೊದಲು ಬಿಚ್ಚಿಕೊಳ್ಳಿ, ಅಷ್ಟೇ. ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನದು ಕಚ್ಚಿಕೊಂಡರೆ ಗಾಡಿ ನಿಂತಲ್ಲೇ ನಿಂತಿತು. ಗೋಳಿರುವುದು ತುಂಬುವುದರಲ್ಲಿ. ತೂತು ಪಕ್ಕಕ್ಕಿದೆ, ಡಬ್ಬಿ ಬಗ್ಗಿಸಲು ಜಾಗವಿಲ್ಲ.

ಇನ್ನು ಪಂಪು. ಸುರುಳಿ ಸುತ್ತಿ ಬಂದ ಅದರ ಪೈಪು ಜಪ್ಪಯ್ಯ ಅಂದರೂ ನೆಟ್ಟಗಾಗುವುದಿಲ್ಲ. ಹಿಡಿ ಒತ್ತಿದಾಗಲೆಲ್ಲ ತುದಿ ತೂತಿನಿಂದ ಜಿಗಿದು ಆಚೆ ಬರುತ್ತದೆ. ಮುಚ್ಚಳದ ತಿರುಪು ನನ್ನ ಡಬ್ಬಿಗೆ ಕೂರದ್ದರಿಂದ ಒಂದು ಕೈ ಡಬ್ಬಿ ಹಿಡಿಯಬೇಕು, ಇನ್ನೊಂದು ಪಂಪು ಒತ್ತಬೇಕು. ಪೈಪಿನ ತುದಿ ಹಿಡಿಯುವವರು ಯಾರು? ಮಗನನ್ನು ಗಾಡಿಯಡಿ ಮಲಗಿಸಿದೆ. ಎರಡನೇ ಒತ್ತಿಗೇ ಅವನ ಮೊಣಕೈವರೆಗೆ ಎಣ್ಣೆ. ಜಿಎಲ್-5 ದರ್ಜೆಯ ಗೇರ್ ಎಣ್ಣೆಯ ಗಂಧಕದ ವಾಸನೆ ಗೊತ್ತಿದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಆ ಶರ್ಟು ಈಗ ಗಾಡಿ ಒರೆಸುವ ಬಟ್ಟೆ.

ಪೈಪನ್ನು ಬೈಂಡಿಂಗ್ ವೈರಿನಲ್ಲಿ ಆಕ್ಸಲಿಗೆ ಕಟ್ಟಿಯೂ ನೋಡಿದೆ. ಜಿಗಿಯುವುದು ನಿಂತಿತು, ಪಂಪಿನ ಬುಡದಲ್ಲಿ ಸೋರಲು ಶುರುವಾಯಿತು. ಬೆಳಗಿನ ಚಳಿಗೆ ಎಣ್ಣೆ ಮಂದವಾಗಿದ್ದರೆ ಎಳೆಯುವುದೂ ಇಲ್ಲ, ಬರೀ ಗುಳುಗುಳು. ಎಲ್ಲ ಮುಗಿದ ಮೇಲೂ ಹೊಟ್ಟೆಯಲ್ಲಿ ಒಂದಷ್ಟು ಎಣ್ಣೆ ಉಳಿಸಿಕೊಂಡಿರುತ್ತದೆ.

ಸಿರಿಂಜಿನಂಥ ಸಕ್ಷನ್ ಗನ್ ಇದಕ್ಕಿಂತ ವಾಸಿ. ಆದರೆ ಅರ್ಧ ಲೀಟರಿಗೊಮ್ಮೆ ಆಚೆ ತೆವಳಿ, ಮತ್ತೆ ಎಳೆದುಕೊಂಡು, ಹನಿಸುತ್ತಾ ಒಳಗೆ ಹೋಗಬೇಕು. ನನ್ನ ಸೊಂಟಕ್ಕೆ ಆಗದ ಕೆಲಸ.

ಲೆವೆಲ್ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಆಲಿಕೆಯನ್ನು ಹಿಂಬಾಗಿಲಿನ ಸ್ಟೆಪ್ನಿಗೆ ತಂತಿಯಿಂದ ಕಟ್ಟಿ, ಪೈಪಿನ ಇನ್ನೊಂದು ತುದಿಯನ್ನು ತೂತಿಗೆ ತೂರಿಸಿ, ನಿಂತುಕೊಂಡೇ ಸುರಿಯುತ್ತೇನೆ. ಮೀನಿನ ತೊಟ್ಟಿಯ ಸಣ್ಣ ಪೈಪು ತರಬೇಡಿ: ಉದ್ದ, ಎತ್ತರ ಅಷ್ಟೇ ಇದ್ದು ಒಳವ್ಯಾಸ ದುಪ್ಪಟ್ಟಾದರೆ ಇಂಥ ಮಂದ ಎಣ್ಣೆಯ ಹರಿವು 16 ಪಟ್ಟಾಗುತ್ತದೆ. ತೂತಿಗೆ ಹಿಡಿಸುವಷ್ಟು ದಪ್ಪದ್ದೇ ಇರಲಿ. ಮುಚ್ಚಳ ಬಿಗಿಮಾಡಿದ ಡಬ್ಬಿಯನ್ನು ಬಚ್ಚಲ ಹಂಡೆಯಿಂದ ತೋಡಿದ ಬಿಸಿನೀರಿನ ಬಕೆಟಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ 80ಡಬ್ಲ್ಯೂ-90 ಮಂದತೆಯ ಗೇರ್ ಎಣ್ಣೆ ಸರಾಗವಾಗಿ ಇಳಿಯುತ್ತದೆ. ತೊಂದರೆ ಒಂದುಂಟು: ಬಿಸಿ ಎಣ್ಣೆಗೆ ಪೈಪು ಮೆತ್ತಗಾಗಿ ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಅಲ್ಲಿ ಸ್ವಲ್ಪ ಸಡಿಲ ಬಿಡಬೇಕು. ಗಾಡಿ ಸಮತಟ್ಟು ನೆಲದಲ್ಲಿರಲಿ. ತೂತಿನ ಅಂಚಿನಿಂದ ಎಣ್ಣೆ ಆಚೆ ಹನಿದಾಗ ಪೈಪು ಮಡಚಿ ಹಿಡಿದರೆ ಆಯಿತು.

ಎಲ್‌ಎಸ್‌ಡಿ (ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಇರುವ ಗಾಡಿಯವರು ಅದಕ್ಕೆ ಹೇಳಿದ ಎಣ್ಣೆಯನ್ನೇ ಹಾಕಿ.

ಒಂಟಿಯಾಗಿ, ಅಂಗಳದಲ್ಲಿ, ವರ್ಷಕ್ಕೊಮ್ಮೆ ಮಾಡುವವನಿಗೆ ಪೈಪೇ ಸಾಕು. ಪಿಟ್ ಇದ್ದು ನಾಲ್ಕಾರು ಗಾಡಿ ನೋಡಿಕೊಳ್ಳುವವರಾದರೆ ಗನ್ ತಗೊಳ್ಳಿ, ತೆವಳುವ ಕಷ್ಟ ಇರುವುದಿಲ್ಲ. ಮುಂದಿನ ಹೌಸಿಂಗಿಗೂ ನಾನು ಇದೇ ಪೈಪನ್ನು ಬಾನೆಟ್ ಕಡೆಯಿಂದ ಇಳಿಬಿಡುತ್ತೇನೆ.